ಲಾಭ, ಎರಡು, ಮೂರು

ಸುರುಳಿ ಸುತ್ತಿದ ಕರಿ ಬೋರ್ಡನ್ನ ಕಂಕುಳಲ್ಲಿ ಇಟ್ಕೊಂಡು, ಇನ್ನೊಂದು ಕೈಯಲ್ಲಿ ಊಟದ ಡಬ್ಬಿ ಹಿಡ್ಕೊಂಡು ಓಡೋ ಹುಡುಗೀನ ಕಂಡ್ರೆ ಸಾಕು, ಇವಳು ಟಿ.ಸಿ.ಎಚ್. ಓದ್ತಾ ಇದಾಳೆ ಅಂತ ಗುಬ್ಬಿ ಸ್ಟೇಷನ್ನಲ್ಲಿ ಯಾರಿಗಾದ್ರೂ ಗೊತ್ತಾಗ್ತಿತ್ತು. ಪ್ರೈಮರಿ ಶಾಲೆ ಮೇಡಂ ಆಗೋಕೆ ಎರಡು ವರ್ಷದ ತರಬೇತಿ ಅದು. ತೊಂಬತ್ತರ ದಶಕದ ನಡುಮಧ್ಯೆ ನಾನು ಎರಡನೇ ವರ್ಷದಲ್ಲಿದ್ದೆ. ಚೇಳೂರಿಂದ ಮೊದಲನೇ ಬಸ್ಸಲ್ಲಿ ಗುಬ್ಬಿಗೆ, ಗುಬ್ಬಿಯಿಂದ ಪ್ಯಾಸೆಂಜರ್ ರೈಲಲ್ಲಿ ತುಮಕೂರಿಗೆ. ರೈಲಲ್ಲಿ ಜನ ಆ ಬೋರ್ಡನ್ನ ಚಾಪೆ ಅಂದ್ಕೊಂಡು, "ಮಗಾ, ಸ್ವಲ್ಪ ಹಾಸು, ಕೂತ್ಕತೀವಿ" ಅಂತಿದ್ರು. ಮೊದಮೊದಲು ಸಿಟ್ಟು ಬರ್ತಿತ್ತು. ಆಮೇಲೆ ನಾನೂ ನಗೋದು ಕಲಿತೆ.

ಅಭ್ಯಾಸ ಪಾಠ ಅಂತ ನಮ್ಮನ್ನ ನಾಲ್ಕೈದು ಜನರ ಹಂಗೆ ಒಂದೊಂದು ಶಾಲೆಗೆ ಹಾಕ್ತಿದ್ರು. ಕೆಲವು ತಿಂಗಳು ನಿಜವಾದ ಮಕ್ಕಳಿಗೆ ಪಾಠ ಮಾಡಬೇಕು, ಕೊನೇಲಿ ಹೊರಗಿನ ಪರೀಕ್ಷಕರು ಬಂದು ಒಂದು ಪಾಠ ನೋಡಿ ಅಂಕ ಕೊಡ್ತಾರೆ. ಆಗ ಸರ್ಕಾರಿ ಕೆಲಸಕ್ಕೆ ಅಂಕದ ಮೇಲೇ ಆಯ್ಕೆ. ಅರ್ಧ ಅಂಕ ಕಮ್ಮಿ ಆದ್ರೂ ಪಟ್ಟಿಯಿಂದ ಆಚೆ ಬೀಳೋ ಕಾಲ. ನಮ್ಮ ಮನೇಲಿ ಎಸ್ಸೆಸ್ಸೆಲ್ಸಿ ದಾಟಿದ ಮೊದಲ ಹೆಣ್ಣು ನಾನು. ನಮ್ಮಪ್ಪ ಮೊದಲೇ ಹೇಳಿಬಿಟ್ಟಿದ್ರು, "ನಿಂಗೆ ಕೆಲಸ ಆಯ್ತು ಅಂದ್ರೆ ನಿನ್ನ ತಂಗೀನೂ ಓದಿಸ್ತೀನಿ. ಆಗ್ನಿಲ್ಲ ಅಂದ್ರೆ ನನ್ನ ಕೇಳಬ್ಯಾಡ." ತಂಗಿ ಆಗ ಹತ್ತನೇ ಕ್ಲಾಸು. ದಿನಾ ಬೆಳಿಗ್ಗೆ ನನ್ನ ಬೋರ್ಡಿನ ಧೂಳು ಒರೆಸಿ ಕೈಗೆ ಕೊಡ್ತಿದ್ದಳು. ಬಾಯಿಬಿಟ್ಟು ಏನೂ ಕೇಳ್ತಿರಲಿಲ್ಲ, ಅದೇ ನನಗೆ ಭಾರ.

ನನಗೆ ಸಿಕ್ಕಿದ್ದು ತುಮಕೂರಿನ ಮಂಡಿ ಬೀದಿಗಳಿಗೆ ಹತ್ತಿರದ ಒಂದು ಕನ್ನಡ ಪ್ರೈಮರಿ ಶಾಲೆ, ಮೂರನೇ ಕ್ಲಾಸು. ನಲವತ್ತೊಂದು ಮಕ್ಕಳು, ಮನೆಮಾತು ಐದು. ಮೂಟೆ ಹೊರೋ ಹಮಾಲರ ಮಕ್ಕಳು ಉರ್ದು, ರಸ್ತೆ ಕೆಲಸಕ್ಕೆ ಬಂದು ಇಲ್ಲೇ ನಿಂತ ಮನೆಗಳೋರು ತಮಿಳು, ಪಾವಗಡದ ಕಡೆಯಿಂದ ಬಂದು ಮಂಡಿಯಲ್ಲಿ ಕಾಳು ಹಸನು ಮಾಡೋ ಹೆಂಗಸರ ಮಕ್ಕಳು ತೆಲುಗು, ಗಾರೆ ಕೆಲಸದೋರ ಮಕ್ಕಳು ಲಂಬಾಣಿ, ಮಿಕ್ಕೋರು ಕನ್ನಡ. ಚೇಳೂರಲ್ಲಿ ಬಟ್ಟೆ ಹೊಲಿಯೋ ಸಾಬರೂ ನಮ್ಮ ಹಂಗೇ ಕನ್ನಡ ಆಡ್ತಿದ್ರು. ಈ ಕ್ಲಾಸಿನ ಬಾಗಿಲಲ್ಲಿ ನಿಂತ್ರೆ ನನಗೆ ಒಂದು ಪದಾನೂ ಅರ್ಥ ಆಗ್ತಿರಲಿಲ್ಲ. ಜನ ದುಬೈಗೆ, ಲಂಡನ್ನಿಗೆ ಹೋಗಿ ಪಾಠ ಮಾಡ್ತಾರಂತೆ. ನನಗೆ ತುಮಕೂರೇ ಫಾರಿನ್ನು.

ಕಿಟಕಿ ಪಕ್ಕದ ಕೊನೇ ಸಾಲಲ್ಲಿ ಒಬ್ಬಳು ತೆಲುಗು ಹುಡುಗಿ ಕೂರ್ತಿದ್ದಳು. ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಎರಡು ಜಡೆ, ದೊಡ್ಡ ಕಣ್ಣು. ಹಾಜರಿ ಕರೆದ್ರೆ ಕೈ ಎತ್ತೋಳು, ಅಷ್ಟೇ. ಅವಳ ಬಾಯಿಂದ ಒಂದು ಮಾತೂ ಕೇಳಿದೋರಿಲ್ಲ. ಆ ಕ್ಲಾಸಿನ ಮೇಡಂ ಒಳ್ಳೇ ಹೆಂಗಸು, ಗೂಳೂರಿನೋರು, ನನಗೆ ದಿನಾ ಮಜ್ಜಿಗೆ ಕೊಡ್ತಿದ್ರು. ಅವರೇ ಮೊದಲ ದಿನ ಹೇಳಿದ್ರು, "ಮುಂದಿನ ಎರಡು ಸಾಲು ನೋಡ್ಕೊಂಡು ಪಾಠ ಮಾಡಮ್ಮ. ಹಿಂದಿನ ಹದಿನಾಲ್ಕು ಇದಾವಲ್ಲ, ಅವು ಹಿಂಗೇ ಬರ್ತಾವೆ, ಹಿಂಗೇ ಹೋಗ್ತಾವೆ. ತಲೆ ಕೆಡಿಸ್ಕೋಬೇಡ."

ನಾನು ಅವರ ಮಾತೇ ಕೇಳಿದೆ. ಯಾಕೆ ಸುಳ್ಳು ಹೇಳಲಿ. ನಮ್ಮ ಪಾಠ ಟಿಪ್ಪಣಿ ಪುಸ್ತಕದಲ್ಲಿ ಎಡಗಡೆ ಶಿಕ್ಷಕರು ಕೇಳೋ ಪ್ರಶ್ನೆ, ಬಲಗಡೆ ಮಕ್ಕಳಿಂದ ನಿರೀಕ್ಷಿತ ಉತ್ತರ. ಮಕ್ಕಳು ನಾಳೆ ಏನು ಹೇಳ್ತಾರೆ ಅಂತ ನಾವು ಇವತ್ತೇ ಬರೆದಿಡೋದು. ಮುಂದಿನ ಸಾಲಿನೋರು ನಿರೀಕ್ಷೆ ಮಾಡಿದ್ದನ್ನೇ ಹೇಳ್ತಿದ್ರು. ಹಿಂದಿನ ಸಾಲಿಗೆ ಪ್ರಶ್ನೆ ಹಾಕಿದ್ರೆ ಸುಮ್ನೆ ನನ್ನ ಮುಖ ನೋಡೋರು. ನನಗೆ ಮೂಗಿನ ತುದೀಲೇ ಕೋಪ. "ಇವಕ್ಕೆ ಕಲಿಯೋ ಮನಸ್ಸೇ ಇಲ್ಲ" ಅಂತ ಸಂಜೆ ರೈಲಲ್ಲಿ ಜೊತೆಗಾತಿ ಹತ್ರ ಬೈಕೊಳ್ತಿದ್ದೆ. ಅವಳಿಗೂ ಅದೇ ಶಾಲೇಲಿ ಅಭ್ಯಾಸ ಪಾಠ. ಕುಣಿಗಲ್ಲಿನೋಳು, ಗುಬ್ಬಿಯಲ್ಲಿ ಅವಳ ಮಾವನ ಮನೇಲಿ ಇದ್ದಳು. ಮಾತು ಖಡಕ್ಕು. "ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ, ಸುಮ್ನಿರೇ" ಅಂದಳು ಒಂದು ದಿನ. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ.

ಪರೀಕ್ಷೆಗೆ ಎರಡು ವಾರ ಇರೋವಾಗ ನಮ್ಮ ಮೆಥಡ್ ಮಾಸ್ಟರ್, ಅಂದ್ರೆ ತರಬೇತಿ ಸಂಸ್ಥೆಯಲ್ಲಿ ನಮಗೆ ಗಣಿತ ಕಲಿಸೋ ವಿಧಾನ ಹೇಳಿಕೊಡೋ ಮೇಷ್ಟ್ರು, ಪಾಠ ನೋಡೋಕೆ ಬಂದ್ರು. ನಾನು ತಗೊಂಡಿದ್ದು 'ಅಳತೆ: ಲೀಟರ್'. ಚಾರ್ಟು ಬರೆದು ಬರೆದು ಬೇಜಾರಾಗಿ, ಈ ಸಲ ಮನೆಯಿಂದ ಒಂದು ಚೀಲ ರಾಗಿ ತಂದಿದ್ದೆ. ಅರ್ಧ ಲೀಟರ್ ಅಳತೆ ಡಬ್ಬಿ ಒಂದು, ಪ್ಲಾಸ್ಟಿಕ್ ಬಕೆಟ್ ಒಂದು. ಚೀಲದ ರಾಗಿ ಎಷ್ಟು ಲೀಟರ್ ಇದೆ ಅಂತ ಅಳೆದು ತೋರಿಸೋದು, ಅಷ್ಟೇ ಪಾಠ. ಮೆಥಡ್ ಮಾಸ್ಟರ್ ಕೆಂಪು ಪೆನ್ನು ಹಿಡಿದು ಹಿಂದಿನ ಬೆಂಚಲ್ಲಿ ಕೂತ್ರು. ಪೀಠಿಕೆ ಆಯ್ತು. ಬೋರ್ಡಿನ ಮೇಲೆ ಪಾಠದ ಹೆಸರು ಬರೆದದ್ದಾಯ್ತು. ಡಬ್ಬಿ ತುಂಬಿ, ಬೆರಳಲ್ಲಿ ಮಟ್ಟ ಮಾಡಿ, ಬಕೆಟ್ಟಿಗೆ ಸುರಿದೆ. ಸುರಿಯೋವಾಗ ನನ್ನ ಬಾಯಿಂದ ತಾನಾಗೇ ಬಂದಿದ್ದು, "ಲಾಭ."

ಒಂದು ಅನ್ನಬೇಕಿತ್ತು. ಲಾಭ ಅಂದೆ. ಕಣದಲ್ಲಿ ರಾಗಿ ಅಳೆಯೋವಾಗ ನಮ್ಮ ಕಡೆ ಮೊದಲನೇ ಅಳತೆಗೆ ಒಂದು ಅನ್ನೋದಿಲ್ಲ. ಲಾಭ ಅಂತಾರೆ, ಆಮೇಲೆ ಎರಡು, ಮೂರು. ಶುಭ ಆಗಲಿ ಅಂತ. ನಾನು ನಡೆಯೋಕೆ ಕಲಿತ ಕಾಲದಿಂದ ಅಜ್ಜಿ ಜೊತೆ ಕಣದಲ್ಲಿ ಕೂತು ಹಂಗೇ ಎಣಿಸಿದೋಳು. ರಾಗಿ ಕೈಯಲ್ಲಿ ಹಿಡಿದ್ರೆ ನಾಲಿಗೆ ತಾನೇ ಹೊರಳುತ್ತೆ. ಹಿಂದೆ ಕೂತ ನಮ್ಮ ಬ್ಯಾಚಿನೋರು ಕಿಸಕ್ಕನೆ ನಕ್ಕರು. ಕೆಂಪು ಪೆನ್ನು ಓಡೋಕೆ ಶುರುವಾಯ್ತು.

ಆಗಲೇ ಕಿಟಕಿ ಕಡೆಯಿಂದ ಒಂದು ಸಣ್ಣ ದನಿ ಬಂತು. "ರೆಂಡು."

ಆ ಹುಡುಗಿ. ತೆಲುಗಲ್ಲಿ ಎರಡು ಅಂತ. ಮುಂದಿನ ಡಬ್ಬಿ ಯಾವಾಗ ಅನ್ನೋ ಹಂಗೆ ಕುತ್ತಿಗೆ ಉದ್ದ ಮಾಡಿ ನೋಡ್ತಿದ್ದಳು. ನಾನು ಎರಡನೇದು ಸುರಿದೆ. ತಮಿಳು ಮಕ್ಕಳಿಬ್ಬರು ಎದ್ದು ನಿಂತು, "ನಮ್ಮನೇಲೂ ಲಾಬಮ್ ಅಂತಾರೆ ಮಿಸ್" ಅಂದ್ರು. ಹಮಾಲರ ಹುಡುಗ ಒಬ್ಬ, "ನಮ್ಮಬ್ಬಾ ಬರ್ಕತ್ ಅಂತಾರೆ. ಬರ್ಕತ್, ದೋ, ತೀನ್" ಅಂದ. ಹಿಂದಿನ ಹದಿನಾಲ್ಕೂ ಬೆಂಚಿನ ಮೇಲೆ ಮಂಡಿಯೂರಿ ನಿಂತಿದ್ವು. ಇವರೆಲ್ಲ ಮಂಡಿಯ ಮಕ್ಕಳು, ಅಳತೆ ನೋಡ್ಕೊಂಡೇ ಬೆಳೆದೋರು. ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಏಳು ಡಬ್ಬಿ ಆಗೋವಷ್ಟರಲ್ಲಿ ಇಡೀ ಕ್ಲಾಸು ಒಂದೇ ದನಿಯಲ್ಲಿ ಎಣಿಸ್ತಿತ್ತು.

ಸಂತೋಷ ಅಲ್ಲಿಗೇ ಮುಗೀತು. "ಎಷ್ಟು ಡಬ್ಬಿ ಆಯ್ತು, ಸ್ಲೇಟಲ್ಲಿ ಬರೀರಿ" ಅಂದೆ. ಅರ್ಧ ಜನ ಏಳು ಬರೆದಿದ್ರು, ಅರ್ಧ ಜನ ಆರು. ಲಾಭ ಅನ್ನೋದು ಅಂಕಿ ಅಲ್ವಲ್ಲ ಅಂತ ಬಿಟ್ಟುಬಿಟ್ಟಿದ್ರು. ಹಂಗೆ ಬಿಟ್ಟೋರು ಯಾರು ಅಂದ್ರೆ ಮುಂದಿನ ಎರಡು ಸಾಲಿನ ಜಾಣರೇ.

ಗಂಟೆ ಹೊಡೆದ ಮೇಲೆ ಮೆಥಡ್ ಮಾಸ್ಟರ್ ನನ್ನ ವರಾಂಡಕ್ಕೆ ಕರೆದ್ರು. "ಏನಮ್ಮ ಇದು, ಕ್ಲಾಸೋ ಕಣವೋ? ಗಣಿತದಲ್ಲಿ ಲಾಭ ಅನ್ನೋ ಸಂಖ್ಯೆ ಯಾವ ಪುಸ್ತಕದಲ್ಲಿದೆ ತೋರಿಸು. ನಿನ್ನಿಂದ ಅರ್ಧ ಕ್ಲಾಸಿಗೆ ಲೆಕ್ಕ ತಪ್ತು. ಫೈನಲ್ಲಿಗೆ ಈ ಪಾಠ ಬೇಡ. ಸಂಕಲನ ತಗೋ, ಸುಲಭ."

"ಹೂಂ ಸಾರ್" ಅಂದೆ. ಅವರು ಹೇಳಿದ್ರಲ್ಲಿ ತಪ್ಪೇನೂ ಇರಲಿಲ್ಲ. ಆದ್ರೆ ಆ "ರೆಂಡು" ಕಿವಿಯಲ್ಲೇ ಉಳೀತು. ಇಷ್ಟು ದಿನ ಬಾಯಿಬಿಡದ ಮಗು ನನ್ನ ತಪ್ಪಿಂದ ಬಾಯಿಬಿಟ್ಟಿತ್ತು. ಅದನ್ನ ಹೆಂಗೆ ಬಿಡೋದು?

ಮಾರನೇ ದಿನ ಶಾಲೆ ಬಿಟ್ಟ ಮೇಲೆ ಜೊತೆಗಾತೀನೂ ಕರ್ಕೊಂಡು ಆ ಹುಡುಗಿ ಹಿಂದೇನೇ ಮಂಡಿಗೆ ಹೋದೆ. ಅವಳಮ್ಮ ಮೊರ ಹಿಡಿದು ರಾಗಿ ಕೇರ್ತಾ ಕೂತಿದ್ರು. ಟೀಚರ್ರು ಬಂದ್ರು ಅಂತ ಗಾಬರಿಯಾಗಿ ಎದ್ದು ನಿಂತ್ರು. ಮಗಳು ಏನೋ ತಪ್ಪು ಮಾಡಿದಾಳೆ ಅಂದ್ಕೊಂಡ್ರೇನೋ.

"ಏನೂ ಇಲ್ಲ ಕಣಕ್ಕ. ನನಗೇ ಒಂದು ಡೌಟು" ಅಂದೆ. "ಲಾಭ ಅಂತ ಎಣಿಸ್ತೀರಲ್ಲ, ಕೊನೇಲಿ ಅದನ್ನ ಲೆಕ್ಕಕ್ಕೆ ಹಿಡೀತೀರಾ?"

ಆಯಮ್ಮ ನನ್ನ ಮುಖ ನೋಡಿ ಬಾಯಿಗೆ ಸೆರಗು ಇಟ್ಕೊಂಡು ನಕ್ಕರು. "ಹಿಡೀದೆ ಬುಡ್ತಾರಾ ಟೀಚರಮ್ಮ? ನಾವು ಕೇರಿದ್ ಕಾಳು ಅದೂನೂ." ಆಮೇಲೆ ಮಡಿಲು ಬಿಚ್ಚಿ ತೋರಿಸಿದ್ರು. ಒಂದು ಬಿಳಿ ಅವರೆಕಾಳು, ಮಿಕ್ಕಿದ್ದು ಹುಣಸೆಬೀಜ. ಒಂದು ಸೇರು ಅಳೆದಾಗ ಒಂದು ಬೀಜ ಮಡಿಲಿಗೆ. ಲಾಭಕ್ಕೆ ಮಾತ್ರ ಅವರೆಕಾಳು. ಮಾತಾಡ್ತಾ ಕೂತು ಎಣಿಕೆ ತಪ್ಪಿದ್ರೂ ಮಡಿಲು ತಪ್ಪಲ್ಲ ಅಂದ್ರು. ನಮ್ಮಜ್ಜಿ ಹೊಳೆಗೆ ಸುರಿದ್ರೂ ಅಳೆದು ಸುರಿ ಅಂತಿದ್ದಳು. ಆಯಮ್ಮ ಅಳೆಯೋದನ್ನೇ ಒಂದು ವಿದ್ಯೆ ಮಾಡಿಕೊಂಡಿದ್ರು. ನಾನು ಎರಡು ವರ್ಷ ಓದಿದ ಪಾಠೋಪಕರಣ ಅನ್ನೋ ಅಧ್ಯಾಯ ಅವರ ಮಡಿಲಲ್ಲಿತ್ತು.

ಸಂಜೆ ರೈಲಲ್ಲೇ ಕೂತು ಪಾಠ ಟಿಪ್ಪಣಿ ಹೊಸದಾಗಿ ಬರೆದೆ. ಡಬ್ಬಿಗೊಂದು ಬೀಜ, ಲಾಭಕ್ಕೆ ಅವರೆಕಾಳು. ಬೀಜಗಳನ್ನ ಜೋಡಿ ಮಾಡಿದ್ರೆ ಜೋಡಿಗೊಂದು ಲೀಟರ್. ಒಂಟಿ ಉಳಿದ್ರೆ ಅರ್ಧ. ಬಲಗಡೆ ನಿರೀಕ್ಷಿತ ಉತ್ತರದ ಜಾಗದಲ್ಲಿ ಒಂದು ಕಡೆ ಮಾತ್ರ, ಮಕ್ಕಳೇ ಏನಾದ್ರೂ ಹೇಳಲಿ ಅಂತ, ಏನೂ ಬರೆಯದೆ ಖಾಲಿ ಬಿಟ್ಟೆ. ಮೆಥಡ್ ಮಾಸ್ಟರ್ ಓದಿ, ಕನ್ನಡಕ ತೆಗೆದು, "ಸೈನ್ ಹಾಕ್ತೀನಿ. ಕೆಟ್ರೆ ನನ್ನ ಹೆಸರು ಹೇಳ್ಬೇಡ" ಅಂದ್ರು. ನನ್ನ ಅದೃಷ್ಟ, ಸೈನ್ ಹಾಕಿದ್ರು.

ಪರೀಕ್ಷೆ ಹಿಂದಿನ ದಿನ ಕ್ಲಾಸಿನ ಮೇಡಂ ಮಜ್ಜಿಗೆ ಲೋಟ ಕೈಗೆ ಕೊಡ್ತಾ ಹೇಳಿದ್ರು, "ನಾಳೆ ನೀನು ಹೆದರ್ಕೋಬೇಡ. ಆ ಹದಿನಾಲ್ಕನ್ನ ಹೊರಗೆ ಹೊಂಗೆ ಮರದ ಕೆಳಗೆ ಕೂರಿಸ್ತೀನಿ. ನಾಲ್ಕನೇ ಕ್ಲಾಸಿಂದ ಜಾಣ ಮಕ್ಕಳನ್ನ ಕರೆಸಿ ಜಾಗ ತುಂಬಿಸ್ತೀನಿ. ಪ್ರತಿ ವರ್ಷ ಟ್ರೈನಿಂಗಿನೋರಿಗೆ ಹಿಂಗೇ ಮಾಡೋದು. ಎಲ್ಲರಿಗೂ ಒಳ್ಳೇ ಅಂಕ ಬಂದಿದೆ."

ಹಿಂಗೆ ಎಲ್ಲಾ ಕಡೆ ನಡೀತಿತ್ತು, ಅದು ಯಾರಿಗೂ ಮೋಸ ಅನ್ನಿಸ್ತಿರಲಿಲ್ಲ. ಮೇಡಂ ಪ್ರೀತಿಯಿಂದಲೇ ಹೇಳಿದ್ದು. ಜೊತೆಗಾತಿ ನನ್ನ ಮೊಣಕೈ ತಿವಿದು, "ಒಪ್ಕೊಳೇ. ನಿನ್ ತಂಗಿ ನೆನಪು ಮಾಡ್ಕೋ" ಅಂದಳು. ನಾನು ತಂಗೀನ ನೆನಪು ಮಾಡ್ಕೊಂಡೆ. "ಆಗ್ಲಿ ಮೇಡಂ" ಅಂದೆ. ಹೇಳೋಕೆ ನಾಚಿಕೆ ಆಗುತ್ತೆ, ಆದ್ರೂ ಅಂದಿದ್ದು ಹಂಗೇ.

ಬೆಳಿಗ್ಗೆ ಶಾಲೆ ಗೇಟು ದಾಟಿದ ಕೂಡಲೇ ಹೊಂಗೆ ಮರದ ಕೆಳಗೆ ಹದಿನಾಲ್ಕು ಮಕ್ಕಳು ಸಾಲಾಗಿ ಕೂತಿದ್ದು ಕಾಣಿಸ್ತು. ಯಾವುದೂ ಅಳ್ತಿರಲಿಲ್ಲ. ಅಭ್ಯಾಸ ಆಗಿಹೋಗಿತ್ತು ಅವಕ್ಕೆ. ಆ ಹುಡುಗಿ ನನ್ನ ನೋಡಿ ಎದ್ದು ಬಂದಳು. ಹೊಸ ರಿಬ್ಬನ್ನು ಕಟ್ಟಿದ್ದಳು. ಮುಷ್ಟಿ ಬಿಚ್ಚಿದಳು. ಒಂದು ಬಿಳಿ ಅವರೆಕಾಳು, ಬೆವರಿಗೆ ಅಂಟಿಕೊಂಡಿತ್ತು.

"ಲಾಭಕ್ಕೆ ಅಂತ ಅಮ್ಮ ಕೊಡ್ತು ಮಿಸ್. ಒಳ್ಳೇದು ನೋಡಿ ಕೊಡ್ತು" ಅಂದಳು. ನಾನು ಮಂಡಿಗೆ ಹೋಗಿ ಬಂದ ಮೇಲೆ ನನ್ನ ಹತ್ರ ಮಾತ್ರ ಒಂದೊಂದು ಕನ್ನಡ ಮಾತು ಆಡೋಳು.

ಇವಳ ಅಮ್ಮ ಕಲಿಸಿದ ವಿದ್ಯೆಯಲ್ಲಿ ನಾನು ಅಂಕ ತಗೊಳ್ಳೋದು, ಇವಳು ಮರದ ಕೆಳಗೆ ಕೂರೋದು. ನನಗೆ ನನ್ನ ಮೇಲೇ ಅಸಹ್ಯ ಆಯ್ತು. ಆಮೇಲೆ ಕೋಪ ಬಂತು, ಆ ಕೋಪ ಆವತ್ತು ಒಂದೇ ಒಂದು ಸಲ ಉಪಯೋಗಕ್ಕೆ ಬಂತು. "ಏಳ್ರೋ, ಏಳ್ರೇ, ಎಲ್ಲಾ ಒಳಗೆ ನಡೀರಿ" ಅಂದೆ. ನಾಲ್ಕನೇ ಕ್ಲಾಸಿನ ಜಾಣರನ್ನ ಅವರ ಕ್ಲಾಸಿಗೆ ಕಳಿಸಿದೆ. ಮೇಡಂ ಓಡಿ ಬಂದ್ರು. "ಏನ್ಮಾಡ್ತಿದೀಯಮ್ಮ? ಪರೀಕ್ಷಕರು ಆಫೀಸಲ್ಲಿ ಕಾಫಿ ಕುಡೀತಾ ಇದಾರೆ."

"ನನ್ನ ಕ್ಲಾಸು ನಲವತ್ತೊಂದು ಮೇಡಂ. ನಲವತ್ತೊಂದಕ್ಕೇ ಮಾಡ್ತೀನಿ. ಫೇಲಾದ್ರೆ ನಾನೇ ಫೇಲಾಗ್ತೀನಿ."

ಅವರು "ನಿನ್ನ ಹಣೆಬರಹ" ಅಂದು ಹೊರಟುಹೋದ್ರು.

ಪರೀಕ್ಷಕರು ಕುಣಿಗಲ್ ಕಡೆಯ ಹಳೇ ಹೆಡ್‌ಮಾಸ್ಟರ್ ಅಂತ ಆಮೇಲೆ ಗೊತ್ತಾಗಿದ್ದು. ಬಿಳಿ ಪಂಚೆ, ಕರಿ ಕೋಟು, ನಗುವಿಲ್ಲದ ಮುಖ. ಕೂತ್ರು. ನಾನು ಪೀಠಿಕೆ ಮಾಡಿದೆ, ಪಾಠದ ಹೆಸರು ಬರೆದೆ, ಲೀಟರಿನ ಲೀ ಸೊಟ್ಟ ಆಯ್ತು. ಅಳೆಯೋಕೆ ಆ ಹುಡುಗೀನ ಕರೆದೆ. ಬಂದಳು. ಡಬ್ಬಿ ರಾಗಿಯೊಳಗೆ ಇಟ್ಟಳು. ಅಲ್ಲಿಗೇ ನಿಂತುಬಿಟ್ಟಳು. ಕೋಟಿನ ಕಡೆ ನೋಡ್ತಾಳೆ, ನನ್ನ ಕಡೆ ನೋಡ್ತಾಳೆ, ಉಸಿರೇ ಇಲ್ಲ. ಮುಂದಿನ ಸಾಲಿನ ಹುಡುಗಿ "ನಾನು ಮಾಡ್ಲಾ ಮಿಸ್?" ಅಂತ ಎದ್ದಳು. ಕರೆದಿದ್ರೆ ಪಾಠ ಸಲೀಸಾಗಿ ಮುಗೀತಿತ್ತು. ಕೂತ್ಕೋ ಅಂತ ಕೈಸನ್ನೆ ಮಾಡಿದೆ. ಅವಳಮ್ಮ ಕೊಟ್ಟ ಅವರೆಕಾಳನ್ನ ಮೇಜಿನ ಮೇಲೆ ಅವಳ ಮುಂದೆ ಇಟ್ಟೆ. ಬೇರೇನೂ ಮಾಡಲಿಲ್ಲ.

ಹುಡುಗಿ ಅದನ್ನ ನೋಡಿದಳು. ಡಬ್ಬಿ ತುಂಬಿ, ಅವಳಮ್ಮನ ಹಂಗೇ ಅಂಗೈಲಿ ಮಟ್ಟ ಮಾಡಿ, ಸುರಿದಳು.

"ಲಾಭ."

"ಎರಡು" ಅಂತು ಕ್ಲಾಸು. ಡಬ್ಬಿಗೊಂದು ಹುಣಸೆಬೀಜ ಇಡ್ತಾ ಹೋದೆವು. ಒಂಬತ್ತಕ್ಕೆ ಚೀಲ ಖಾಲಿ. ಮಕ್ಕಳು ಬಂದು ಬೀಜ ಜೋಡಿ ಮಾಡಿದ್ರು, ಅವರೆಕಾಳಿಗೂ ಒಂದು ಹುಣಸೆಬೀಜ ಜೋಡಿ. ನಾಲ್ಕು ಜೋಡಿ, ಒಂದು ಒಂಟಿ. "ನಾಲ್ಕೂವರೆ ಲೀಟರ್" ಅಂತ ಸ್ಲೇಟುಗಳು ಮೇಲೆ ಬಂದ್ವು. ಹಿಂದಿನ ಸಾಲಲ್ಲಿ ಎರಡು ಸ್ಲೇಟಲ್ಲಿ ಅಂಕಿ ತಿರುಗಾಮುರುಗಾ ಬರೆದಿತ್ತು, ಆದ್ರೂ ನಾಲ್ಕೂವರೇನೇ. ನನಗೆ ಉಸಿರು ಬಂತು.

ಪರೀಕ್ಷಕರು ಎದ್ದು ಮೇಜಿನ ಹತ್ರ ಬಂದ್ರು. ಅವರೆಕಾಳನ್ನ ಎತ್ತಿ ಕೋಟಿನ ಜೇಬಿಗೆ ಹಾಕೊಂಡ್ರು. "ಲಾಭ ಅನ್ನೋದು ಶಾಸ್ತ್ರಕ್ಕೆ ಹೇಳೋದು. ತೆಗೆದುಬಿಟ್ಟೆ. ಈಗ ಚೀಲದಲ್ಲಿ ಇದ್ದಿದ್ದು ಎಷ್ಟು ಲೀಟರ್?"

ಈ ಪ್ರಶ್ನೆ ನನ್ನ ಟಿಪ್ಪಣಿಯಲ್ಲಿರಲಿಲ್ಲ. ಮುಂದಿನ ಸಾಲು ಬೀಜ ಎಣಿಸಿ ಒಟ್ಟಿಗೇ ಕೂಗ್ತು, "ನಾಲ್ಕು ಸಾರ್." ಇನ್ನು ಮುಗೀತು ಅಂದ್ಕೊಂಡೆ. ಪರೀಕ್ಷಕರು ಏನೋ ಬರೆಯೋಕೆ ಪೆನ್ನಿನ ಮುಚ್ಚಳ ತೆಗೆದ್ರು.

ಹುಡುಗಿ ಇನ್ನೂ ಬಕೆಟ್ಟಿನ ಪಕ್ಕದಲ್ಲೇ ನಿಂತಿದ್ದಳು. ಬಗ್ಗಿ ಬಕೆಟ್ಟಿನೊಳಗೆ ನೋಡಿದಳು. ನಿಧಾನಕ್ಕೆ, ಪದ ಹುಡುಕ್ಕೊಂಡು ಹೇಳಿದಳು.

"ಕಾಳು ತೆಗುದ್ರೆ ರಾಗಿ ಕಮ್ಮಿ ಆಗಲ್ಲ ಸಾರ್. ಅದು ಅಲ್ಲೇ ಐತೆ."

ಆ ಮಾತನ್ನ ನಾನು ಯಾವ ನಿರೀಕ್ಷಿತ ಉತ್ತರದ ಜಾಗದಲ್ಲೂ ಬರೆಯೋಕೆ ಆಗ್ತಿರಲಿಲ್ಲ. ಪರೀಕ್ಷಕರು ಪೆನ್ನಿನ ಮುಚ್ಚಳ ವಾಪಸ್ ಹಾಕಿದ್ರು. ಆಮೇಲೆ ಜೇಬಿಂದ ಕಾಳು ತೆಗೆದು ಇದ್ದ ಜಾಗದಲ್ಲೇ ಇಟ್ರು. ಬಾಗಿಲಲ್ಲಿ ನಿಂತಿದ್ದ ಕ್ಲಾಸಿನ ಮೇಡಂ ಸೆರಗಲ್ಲಿ ಕಣ್ಣೊರೆಸಿಕೊಂಡಿದ್ದನ್ನ ನಾನು ನೋಡಿದೆ.

ನನಗೆ ಬೇಕಾದಷ್ಟು ಅಂಕ ಬಂತು, ಕುಣಿಗಲ್ ತಾಲೂಕಿನ ಒಂದು ಶಾಲೆಗೆ ಆರ್ಡರ್ ಬಂತು, ಮುಂದೆ ತಂಗಿ ಅದೇ ಕರಿ ಬೋರ್ಡು ಕಂಕುಳಲ್ಲಿ ಇಟ್ಕೊಂಡು ಗುಬ್ಬಿ ಸ್ಟೇಷನ್ನಿಗೆ ಓಡಿದಳು. ಅದಕ್ಕೆಲ್ಲ ಸಂತೋಷ ಇದೆ. ಹೆಮ್ಮೆ ಅಂತ ಇರೋದು ಮಾತ್ರ ಆವತ್ತು ಪಾಠ ಮುಗಿದ ಮೇಲಿನ ಐದು ನಿಮಿಷದ್ದು.

ಪರೀಕ್ಷಕರು ಹಾಜರಿ ಪುಸ್ತಕ ತರಿಸಿದ್ರು. "ದಾಖಲೆ ನಲವತ್ತೊಂದು. ಇವತ್ತು ಎಷ್ಟು ಜನ ಕೂರಿಸಿದೀಯ?" ಅಂತ ನನ್ನ ಕೇಳಿದ್ರು. ಅವರಿಗೂ ಮರದ ಕೆಳಗಿನ ವಿಷಯ ಗೊತ್ತಿತ್ತು, ಅವರೂ ಮೇಷ್ಟ್ರೇ ಅಲ್ವಾ. "ನೀವೇ ಎಣಿಸಿ ಸಾರ್" ಅಂದೆ. ಎಲ್ಲಿಂದ ಬಂತೋ ಆ ಧೈರ್ಯ. ಮುಂದಿನ ಸಾಲಿಂದ ಶುರು ಮಾಡ್ತಾರೆ ಅಂದ್ಕೊಂಡಿದ್ದೆ. ಅವರು ಸೀದಾ ಹಿಂದಕ್ಕೆ ನಡೆದ್ರು, ಕಿಟಕಿ ಪಕ್ಕಕ್ಕೆ. ತನ್ನ ಜಾಗಕ್ಕೆ ವಾಪಸ್ ಹೋಗಿ ಕೂತಿದ್ದ ಆ ಹುಡುಗಿಯ ತಲೆ ಮೇಲೆ ಕೈ ಇಟ್ರು.

"ಲಾಭ" ಅಂದ್ರು. ಪಕ್ಕದ ಮಗು ತಲೆ ಮೇಲೆ ಕೈ ಇಟ್ಟು, "ಎರಡು." ಅದರ ಪಕ್ಕದ್ದು, "ಮೂರು." ಹಂಗೇ ಸಾಲು ಸಾಲು, ಒಂದು ತಲೇನೂ ಬಿಡದೆ, ಮುಂದಿನ ಬೆಂಚಿನ ಕೊನೇ ಮಗುವರೆಗೂ ಬಂದ್ರು.

"ನಲವತ್ತೊಂದು. ಸರಿಯಾಗಿದೆ ಕಣಮ್ಮ" ಅಂದು ಹಾಜರಿ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ರು.